ಗೂಗಲ್ ರೀಡರ್‌ಗೆ ಬದಲಿ: ತಾರೀಕು, ಕಡತ, ಆಯ್ಕೆ

1. ತಾರೀಕುಗಳು

2005ರ ಅಕ್ಟೋಬರ್ 7ರಂದು ಶುರುವಾದ, ಜಾಲತಾಣಗಳ ಫೀಡುಗಳನ್ನು (ಹೊಸ ಬರಹಗಳ ಪಟ್ಟಿಗಳನ್ನು) ಒಂದೆಡೆ ತಂದು ಓದಿಸುತ್ತಿದ್ದ ಗೂಗಲ್ ರೀಡರ್ ಅನ್ನು ನಿಲ್ಲಿಸುವ ಪ್ರಕಟಣೆ ಬಂದದ್ದು 2013ರ ಮಾರ್ಚ್ 13ರಂದು, ಅಮೆರಿಕದ ಲೆಕ್ಕದಲ್ಲಿ. ಭಾರತದಲ್ಲಿ ಆಗಲೇ 14 ಹುಟ್ಟಿತ್ತು. ಒಂದು ದಿನದ ವ್ಯತ್ಯಾಸ ಕಂಡಲ್ಲಿ ಬಹುಶಃ ಇದೇ ಕಾರಣ. ಬಳಕೆ ಇಳಿದಿದೆ ಎಂಬುದು ಸಂಸ್ಥೆ ಕೊಟ್ಟ ವಿವರಣೆ.

ಸೇವೆಯ ಕೊನೆ ಜುಲೈ 1. ಚಂದಾದಾರರು ತಮ್ಮ ದತ್ತಾಂಶ ಇಳಿಸಿಕೊಳ್ಳಲು ಇದ್ದ ಗಡುವು ಜುಲೈ 15ರ ಮಧ್ಯಾಹ್ನ 12. ಇವೆರಡನ್ನು ಒಂದೇ ಎಂದು ಎಣಿಸಬಾರದು. ಗಡುವಿನ ಪಕ್ಕದಲ್ಲಿ ನಮೂದಾಗಿದ್ದದ್ದು ‘ಪಿಎಸ್‌ಟಿ’, ಅಂದರೆ ಅಮೆರಿಕದ ಪಶ್ಚಿಮ ಕರಾವಳಿಯ ಚಳಿಗಾಲದ ಸಮಯ. ಆದರೆ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಅಕ್ಷರಶಃ ಓದಿದರೆ ಬೆಂಗಳೂರಿನಲ್ಲಿ ರಾತ್ರಿ 1.30, ವಾಡಿಕೆಯಂತೆ ಓದಿದರೆ 12.30. ಹೇಗೆ ಓದಿದರೂ ಇಲ್ಲಿ ತಾರೀಕು 16.

2. ಕಡತದಲ್ಲಿ ಇದ್ದದ್ದು, ಇಲ್ಲದ್ದು

ಚಂದಾಪಟ್ಟಿ ಓಪಿಎಂಎಲ್ ರೂಪದ ಒಂದೇ ಕಡತದಲ್ಲಿ ಸಿಗುತ್ತಿತ್ತು: ಫೀಡಿನ ಹೆಸರು, ವಿಳಾಸ, ಫೋಲ್ಡರ್. ನಕ್ಷತ್ರ ಹಾಕಿಟ್ಟ ಬರಹಗಳು ಬೇರೆ ಜೇಸನ್ ಕಡತದಲ್ಲಿದ್ದವು. ಯಾವುದನ್ನು ಓದಿದೆ, ಯಾವುದು ಬಾಕಿ ಎಂಬ ಗುರುತು ಚಂದಾಪಟ್ಟಿಯ ಕಡತದಲ್ಲಿ ಬರುವುದಿಲ್ಲ. ಹೀಗಾಗಿ ‘ಎಲ್ಲವೂ ಹೊಸ ರೀಡರ್‌ಗೆ ಬಂತು’ ಎಂಬ ಮಾತನ್ನು ‘ಪಟ್ಟಿ ಬಂತು’ ಎಂಬಷ್ಟೇ ಅರ್ಥದಲ್ಲಿ ತೆಗೆದುಕೊಳ್ಳುವುದು ಕ್ಷೇಮ.

ಇದಕ್ಕಿಂತ ದೊಡ್ಡ ನಷ್ಟ ಹಳೆಯ ಬರಹಗಳದು. ಆರ್‌ಎಸ್‌ಎಸ್ ಫೀಡಿನಲ್ಲಿ ಸಾಮಾನ್ಯವಾಗಿ ಇತ್ತೀಚಿನ ಕೆಲವು ನಮೂದುಗಳು ಮಾತ್ರ ಇರುತ್ತವೆ. ರೀಡರ್ ತಾನು ತಂದದ್ದನ್ನು ವರ್ಷಗಟ್ಟಲೆ ಕೂಡಿಟ್ಟುಕೊಂಡಿತ್ತು. ಹೊಸ ಸೇವೆಯ ಸಂಗ್ರಹವಾದರೋ ಅದು ಆ ಫೀಡನ್ನು ತರಲು ತೊಡಗಿದ ದಿನದಿಂದ. ಅಳಿಸಿಹೋದ ಬ್ಲಾಗುಗಳ ಮಟ್ಟಿಗೆ ರೀಡರ್‌ನ ಪ್ರತಿಯೇ ಕೊನೆಯದಾಗಿದ್ದಿರಬಹುದು.

3. ಬದಲಿಗಳು

ಪ್ರಕಟಣೆಯಾದ 48 ಗಂಟೆಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಮಂದಿ ತನ್ನಲ್ಲಿಗೆ ಬಂದರೆಂದು ಫೀಡ್ಲಿ ಹೇಳಿಕೊಂಡಿತು. ಇದು ಸಂಸ್ಥೆಯದೇ ಲೆಕ್ಕ. ಡಿಗ್ ರೀಡರ್ ಮತ್ತು ಎಒಎಲ್ ರೀಡರ್ 2013ರ ಜೂನ್‌ನಲ್ಲಿ ತೆರೆದವು. ಎರಡೂ ಉಚಿತ, ಎರಡೂ 2018ರಲ್ಲಿ ಮುಚ್ಚಿದವು: ಎಒಎಲ್ ಜನವರಿಯಲ್ಲಿ, ಡಿಗ್ ಮಾರ್ಚ್‌ನಲ್ಲಿ. ದಿ ಓಲ್ಡ್ ರೀಡರ್ 2013ರ ಜುಲೈ ಕೊನೆಯಲ್ಲಿ ಸಾರ್ವಜನಿಕರಿಗೆ ಬಾಗಿಲು ಹಾಕುವುದಾಗಿ ಹೇಳಿ, ಕೆಲವೇ ದಿನಗಳಲ್ಲಿ ಮಾತು ಬದಲಿಸಿ ಮುಂದುವರಿಯಿತು. ‘ಮುಚ್ಚಿತು’ ಎಂದು ಬರೆಯುವವರು ಮೊದಲ ಪ್ರಕಟಣೆಯಲ್ಲೇ ನಿಂತುಬಿಟ್ಟವರು. ಹಣ ಪಡೆಯುವ ನ್ಯೂಸ್‌ಬ್ಲರ್ ಉಳಿಯಿತು. ಅದರ ಮೂಲಸಂಕೇತವೂ ಮುಕ್ತ. ಸ್ವಂತ ಸರ್ವರ್ ಇದ್ದವರಿಗೆ ಟೈನಿ ಟೈನಿ ಆರ್‌ಎಸ್‌ಎಸ್, ಫ್ರೆಶ್‌ಆರ್‌ಎಸ್‌ಎಸ್ ಉಂಟು. ಮುಚ್ಚುವ ನಿರ್ಧಾರ ಅಲ್ಲಿ ಓದುಗರ ಕೈಯಲ್ಲೇ, ದುರಸ್ತಿಯ ಹೊಣೆಯೂ.

ಉಚಿತವಾದ್ದರಿಂದಲೇ ಡಿಗ್, ಎಒಎಲ್ ರೀಡರ್‌ಗಳು ಮುಚ್ಚಿದವು ಎನ್ನಲು ಈ ಆಧಾರ ಸಾಲದು. ಫೀಡ್ಲಿಯಲ್ಲೂ ಉಚಿತ ಖಾತೆ ಇದೆ.

4. ಆಯ್ಕೆಯ ಅಳತೆ

ಬಾಳಿಕೆಯನ್ನು ಮುಂಚೆ ಅಳೆಯಲಾಗದು. ಬಿಟ್ಟು ಹೊರಡುವ ದಾರಿಯನ್ನು ಅಳೆಯಬಹುದು. ಹೊಸ ಖಾತೆಯಲ್ಲಿ ಕನ್ನಡ ಹೆಸರಿನ ಫೋಲ್ಡರಿಗೆ ನಾಲ್ಕಾರು ಫೀಡು ಸೇರಿಸಿ, ಓಪಿಎಂಎಲ್ ಕಡತ ಇಳಿಸಿಕೊಂಡು, ಅದನ್ನು ಇನ್ನೊಂದು ರೀಡರ್‌ಗೆ ಹಾಕಿ ನೋಡಬೇಕು. ವಿಳಾಸಗಳು, ಫೋಲ್ಡರು, ಕನ್ನಡದ ಹೆಸರು ಮೂರೂ ಸರಿಯಾಗಿ ಬಂದರೆ ಮಾತ್ರ ಉಳಿದ ಚಂದಾಗಳನ್ನು ಅಲ್ಲಿಗೆ ಒಯ್ಯಿರಿ.