ಮನಸ್ಸಿನ ವೈದ್ಯಕ್ಕೆ ವಿದ್ಯೆ ಒದಗಿದ ಬಗೆ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ನಮ್ಮ ಸೀಮೆಯವರಿಗೆಲ್ಲ ಪರಿಚಿತವಾದ ಊರು. ಅಲ್ಲಿ ಮುಕ್ತೀಶ್ವರನ ಗುಡಿಯುಂಟು. ಅಮ್ಮಾಜಾನ್-ಬಾವಾಜಾನ್ ದರ್ಗಾ ಉಂಟು. ಮನಸ್ಸು ಕದಡಿದವರನ್ನು ‘ಗಾಳಿ ಸೋಕಿದೆ’ ಎಂದು ದರ್ಗಾಕ್ಕೆ ಕರೆತರುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಹಿಂದೂ ಮುಸಲ್ಮಾನರೆಂಬ ಭೇದ ಆ ಹೊಸ್ತಿಲಲ್ಲಿಲ್ಲ. ದುಃಖಕ್ಕೆ ಜಾತಿಯೆಲ್ಲಿಯದು?

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಇದ್ದಕ್ಕಿದ್ದಂತೆ ಮಾತು ಬಿಟ್ಟ. ಸೋಮಾರಿತನವೆಂದು ಬಗೆದು ನಾನು ಗದರಿಸಿದೆ. ಬಳಿಕ ‘ಧೈರ್ಯವಾಗಿರು’ ಎಂದು ಉಪದೇಶಿಸಿದೆ. ಎರಡೂ ವ್ಯರ್ಥವಾದುವು. ಅವನ ಅಜ್ಜಿ ಮುರುಗಮಲ್ಲಕ್ಕೆ ಕರೆದೊಯ್ದಳು. ಹಳಗನ್ನಡದ ಸೂತ್ರಗಳನ್ನು ಬಾಯಿಪಾಠ ಮಾಡಿದ್ದ ನನಗೆ, ಎದುರಿಗೆ ಕುಳಿತ ಹುಡುಗನ ಮೌನವನ್ನು ಓದಲು ಬರಲಿಲ್ಲ. ಹಾಗಾದರೆ ಅದನ್ನು ಓದಬಲ್ಲವರು ಯಾರು? ಅವರಿಗೆ ಆ ವಿದ್ಯೆ ಎಲ್ಲಿಂದ ಬಂತು? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಮ್ಮ ಪ್ರಾಚೀನರು ಈ ವಿಷಯವನ್ನು ಮರೆತವರಲ್ಲ. ಚರಕ ಮೂರು ಬಗೆಯ ಚಿಕಿತ್ಸೆಗಳನ್ನು ಹೇಳುತ್ತಾನೆ: ದೈವವನ್ನು ಆಶ್ರಯಿಸಿದ್ದು ಒಂದು, ಯುಕ್ತಿಯಿಂದ ಔಷಧ ಆಹಾರಗಳನ್ನು ಯೋಜಿಸುವುದು ಮತ್ತೊಂದು, ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದೆಳೆಯುವ ‘ಸತ್ತ್ವಾವಜಯ’ ಮೂರನೆಯದು. ಆದರೆ ಈ ಮೂರನೆಯದು ಒಂದು ವೃತ್ತಿಯಾಗಿ, ಕಲಿತು ಮಾಡುವ ಕೆಲಸವಾಗಿ ನಮ್ಮಲ್ಲಿ ನೆಲೆಗೊಂಡದ್ದು ತೀರ ಈಚೆಗೆ.

ಬೆಂಗಳೂರಿನಲ್ಲಿ ೧೮೪೦ರ ದಶಕದಲ್ಲಿಯೇ ಹುಚ್ಚರ ಆಶ್ರಯಸ್ಥಾನವೊಂದು ಏರ್ಪಟ್ಟಿತ್ತು. ಹೆಸರೇ ಹೇಳುವಂತೆ ಅದು ಹೆಚ್ಚಾಗಿ ಕೂಡಿಡುವ ಸ್ಥಳ. ೧೯೨೫ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. ಹೆಸರು ಬದಲಾದುದು ಸಣ್ಣ ಸಂಗತಿಯೆಂದು ತಿಳಿಯಬಾರದು. ‘ಹುಚ್ಚ’ನು ‘ರೋಗಿ’ಯಾದುದು ಅಲ್ಲಿಂದ. ಮುಂದಿನ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದ ಕಾಲದಲ್ಲಿ, ಆಸ್ಪತ್ರೆ ಹೊಸೂರು ರಸ್ತೆಯ ವಿಶಾಲವಾದ ನಿವೇಶನಕ್ಕೆ ಬಂತು.

ಇತ್ತ ಮೈಸೂರಿನಲ್ಲಿ ಮನಶ್ಶಾಸ್ತ್ರವು ೧೯೨೪ರಲ್ಲಿ ವಿಶ್ವವಿದ್ಯಾನಿಲಯದ ಪ್ರತ್ಯೇಕ ವಿಭಾಗವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಓದಿ ಬಂದಿದ್ದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ. ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದವರೂ ಅವರೇ. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೇ ಸಂದಿತು. ಮನಸ್ಸನ್ನು ಬಲ್ಲವರು ಧ್ವನಿಯ ಬೆಲೆಯನ್ನೂ ಬಲ್ಲವರಾಗಿದ್ದುದು ಸಹಜವೇ ಅಲ್ಲವೆ?

ಆಸ್ಪತ್ರೆಯಲ್ಲಿ ರೋಗಿಗಳಿದ್ದರು, ಕಾಲೇಜಿನಲ್ಲಿ ಶಾಸ್ತ್ರವಿತ್ತು, ಎರಡೂ ಕೂಡಬೇಕಾಗಿತ್ತು. ೧೯೪೬ರ ಭೋರ್ ಸಮಿತಿಯ ವರದಿ ಮಾನಸಿಕ ವೈದ್ಯದಲ್ಲಿ ತರಬೇತಾದವರು ದೇಶದಲ್ಲಿ ತೀರ ವಿರಳವೆಂಬುದನ್ನು ಎತ್ತಿ ತೋರಿಸಿತು. ಅದರ ಫಲವಾಗಿ ೧೯೫೪ರಲ್ಲಿ ಅದೇ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ೧೯೫೫ರಲ್ಲಿ ಅಲ್ಲಿ ಎರಡು ಡಿಪ್ಲೊಮಾಗಳು ಆರಂಭವಾದುವು. ಒಂದು ವೈದ್ಯರಿಗೆ; ಇನ್ನೊಂದು, ವೈದ್ಯರಲ್ಲದೆ ಮನಶ್ಶಾಸ್ತ್ರದಲ್ಲಿ ಉನ್ನತ ಪದವಿ ಪಡೆದವರಿಗೆ. ಈ ಎರಡನೆಯದು ಬಹು ಮುಖ್ಯ. ಮದ್ದು ಬರೆಯದೆ, ಪರೀಕ್ಷೆಯಿಂದಲೂ ಮಾತಿನಿಂದಲೂ ಚಿಕಿತ್ಸೆ ಮಾಡುವವರು ನಮ್ಮ ದೇಶದಲ್ಲಿ ಕ್ರಮಬದ್ಧವಾಗಿ ತಯಾರಾಗತೊಡಗಿದ್ದು ಆ ಬಾಗಿಲಿನಿಂದ. ಆಗಮ ಶಿಲ್ಪಗಳಲ್ಲಿ ಪ್ರಸಿದ್ಧರಾದ ಪ್ರೊ. ಎಸ್. ಕೆ. ರಾಮಚಂದ್ರರಾಯರು ಅಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದರೆಂಬುದು ಅನೇಕರಿಗೆ ತಿಳಿಯದು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು.

ಕನ್ನಡದ ಓದುಗರಿಗೆ ಈ ವಿಷಯವನ್ನು ಮುಟ್ಟಿಸಿದವರೂ ಇದ್ದಾರೆ. ‘ಕೊರವಂಜಿ’ಯಿಂದ ನಗಿಸಿದ ವೈದ್ಯ ಡಾ. ಎಂ. ಶಿವರಾಂ ‘ಮನಮಂಥನ’ವನ್ನು ಬರೆದು ೧೯೭೬ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು.

ಈ ವೃತ್ತಿಗೆ ಕನ್ನಡದಲ್ಲಿ ‘ಆಪ್ತ ಸಮಾಲೋಚನೆ’ ಎಂಬ ಮಾತು ಬಳಕೆಯಲ್ಲಿದೆ. ಪಂಡಿತನಾದ ನನಗೆ ಅದು ಪ್ರಿಯವಾದ ಪದ. ಶಾಸ್ತ್ರಕಾರರಲ್ಲಿ ಆಪ್ತನೆಂದರೆ ನೆಂಟನಲ್ಲ. ಇದ್ದುದನ್ನು ಇದ್ದಂತೆ ಹೇಳುವ, ನಂಬಲರ್ಹನಾದವನು. ಸಮಾಲೋಚನೆಯೆಂದರೆ ಉಪದೇಶವಲ್ಲ, ಕೂಡಿ ನೋಡುವುದು. ಕೇಳಿದ ಗುಟ್ಟನ್ನು ಕಾಯುವುದು, ತೀರ್ಪು ಕೊಡದಿರುವುದು, ಎದುರಿನವನು ಮಾತಾಡುವವರೆಗೆ ಕಾಯುವುದು, ಇವು ಅವರು ವರ್ಷಗಟ್ಟಲೆ ಕಲಿಯುವ ಪಾಠಗಳು. ಗದರಿಸಿದಾಗ ನಾನು ತಪ್ಪಿದ್ದೂ ಇಲ್ಲಿಯೇ.

ಹಾಗೆಂದು ದೇವರ ಹೊಸ್ತಿಲನ್ನು ಹಳಿಯುವುದು ಬೇಡ. ಹಳಿಯಬೇಕಾದ್ದು ಸಂಕೋಲೆಯನ್ನು. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆಗೆಂದು ಬಂದವರನ್ನು ಇರಿಸಿಕೊಂಡಿದ್ದ ಖಾಸಗಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ೨೫ಕ್ಕೂ ಹೆಚ್ಚು ರೋಗಿಗಳು ಓಡಲಾರದೆ ಸತ್ತರು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ.

ನಮ್ಮ ಹುಡುಗನನ್ನು ಅಜ್ಜಿ ಕಡೆಗೆ ಬೆಂಗಳೂರಿಗೂ ಕರೆದೊಯ್ದಳು. ಒಬ್ಬರು ಅವನೆದುರು ಹಲವು ವಾರ ಸುಮ್ಮನೆ ಕುಳಿತು ಕೇಳಿದರಂತೆ. ನಿಧಾನವಾಗಿ ಅವನು ಬಾಯಿಬಿಟ್ಟ. ಅಜ್ಜಿ ಮುರುಗಮಲ್ಲಕ್ಕೂ ಹೋಗಿ ಸಕ್ಕರೆ ಹಂಚಿ ಬಂದಳು. ಚರಕನ ಮೂರು ದಾರಿಗಳನ್ನೂ ಆಕೆ ನಡೆದಿದ್ದಳು. ಇಂದು ಬೆಂಗಳೂರಿಗೆ ಹೋಗಲಾರದವರಿಗೂ ೨೦೨೨ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಂಟು. ೧೪೪೧೬ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಕೇಳುವವರು ಸಿಗುತ್ತಾರೆ. ಆ ಸಂಖ್ಯೆಯನ್ನು ನನ್ನ ತರಗತಿಯ ಕರಿಹಲಗೆಯ ಮೂಲೆಯಲ್ಲಿ ಬರೆದಿದ್ದೇನೆ. ಅದನ್ನು ಒರಸಬಾರದೆಂದು ಮಕ್ಕಳಿಗೆ ಹೇಳಿದ್ದೇನೆ.