ಹಳೇ ಬೋಟ್ ಎಂಜಿನುಗಳ ಕಥೆ

ಬೆಳ್ಳಿಹಬ್ಬದ ಸಂಚಿಕೆ ಅಂದ ಮೇಲೆ ಸಂಘ ಹುಟ್ಟಿದ್ದು ಹೇಗೆ, ಅಧ್ಯಕ್ಷರಾದವರು ಯಾರ್ಯಾರು, ಪಾಲು ಬಂಡವಾಳ ಎಷ್ಟಿದ್ದದ್ದು ಎಷ್ಟಾಯಿತು ಎಂಬುದೆಲ್ಲ ಇರಲೇಬೇಕು. ಅವು ಬೇರೆ ಪುಟಗಳಲ್ಲಿ ಬಂದಿವೆ. ನಾವು ಇಲ್ಲಿ ಬರೆಯ ಹೊರಟಿರುವುದು ಸಂಘದ ಹಳೇ ಗೋದಾಮಿನ ಹಿಂದೆ, ತೆಂಗಿನ ಮರದ ಬುಡದಲ್ಲಿ ಬಿದ್ದಿರುವ ಒಂದು ತುಕ್ಕು ಹಿಡಿದ ಕಬ್ಬಿಣದ ಮುದ್ದೆಯಿಂದ ಶುರುವಾದ ಸಂಗತಿ.

ಹಬ್ಬದ ಚಪ್ಪರಕ್ಕಾಗಿ ಅಂಗಳ ಚೊಕ್ಕ ಮಾಡುವಾಗ ಗುಜರಿಯವನನ್ನು ಕರೆಸಿದ್ದೆವು. ಅವನು ಅದನ್ನೂ ತೂಕಕ್ಕೆ ಹಾಕಲು ಹಗ್ಗ ಕಟ್ಟಿದ್ದ. ಅಷ್ಟರಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಬಂದು, "ಅದು ಬೋಟಿನ ಎಂಜಿನು ಮಾರಾಯ್ರೇ, ಹ್ಯಾಂಡಲ್ ಹೊಡೆಯುವಾಗ ನನ್ನ ಕೈ ಮುರಿದದ್ದು ಅದರಲ್ಲೇ" ಅಂದರು. ಹಗ್ಗ ಬಿಚ್ಚಿಸಿದೆವು. ಅದು ಯಾವ ಕಂಪೆನಿಯದು, ಯಾವ ಇಸವಿಯದು ಅಂತ ನೋಡಹೋದರೆ ಹಿತ್ತಾಳೆಯ ಫಲಕವೇ ಇಲ್ಲ. ಎಂದೋ ಯಾರೋ ಕಿತ್ತು ಮಾರಿದ್ದಾರೆ. ಆಗ ನಮಗೆ ಹೊಳೆಯಿತು, ದೋಣಿಗೆ ಎಂಜಿನು ಬಂದ ಕಥೆಯನ್ನು ನಾವು ಯಾರೂ ಸರಿಯಾಗಿ ತಿಳಿದವರಲ್ಲ. ಓದಿ, ಕೇಳಿ ಸಂಗ್ರಹಿಸಿದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲ ಮೋಟಾರು ದೋಣಿ

ಹುಟ್ಟು ಮತ್ತು ಹಾಯಿ ಬಿಟ್ಟರೆ ಮೊದಲು ಬಂದದ್ದು ಹಬೆ. ಆದರೆ ಸಣ್ಣ ದೋಣಿಯಲ್ಲಿ ಬಾಯ್ಲರು, ಕಲ್ಲಿದ್ದಲು ಇಟ್ಟರೆ ಮೀನಿಗೆ ಜಾಗವೆಲ್ಲಿ? ಅಮೆರಿಕದಲ್ಲಂತೂ ಹಬೆಯ ದೋಣಿ ನಡೆಸಲು ಪರವಾನಿಗೆ ಇದ್ದ ಎಂಜಿನಿಯರನೇ ಬೇಕು ಎಂಬ ಕಾನೂನಿತ್ತು. ಅದನ್ನು ತಪ್ಪಿಸಿಕೊಳ್ಳಲು 1885ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ನೀರಿನ ಬದಲು ನ್ಯಾಫ್ತಾ ಎಣ್ಣೆಯನ್ನೇ ಕುದಿಸಿ ಅದರ ಆವಿಯಿಂದ ನಡೆಸುವ ದೋಣಿಗಳನ್ನು ಮಾಡಿದರು. ಇಂದು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಕಾಲದಲ್ಲಿ ಅವು ಚೆನ್ನಾಗಿ ಮಾರಾಟವಾದವು.

ಪೆಟ್ರೋಲ್ ಎಂಜಿನನ್ನು ದೋಣಿಗೆ ಕೂರಿಸಿ ಹೆಸರಾದವರು ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ಅವರ ಜೊತೆಗಾರ ವಿಲ್ಹೆಲ್ಮ್ ಮೇಬಾಕ್. 1886ರ ಆಗಸ್ಟಿನಲ್ಲಿ ನೆಕಾರ್ ನದಿಯಲ್ಲಿ ಅವರ ದೋಣಿ ಓಡಿತು. ಉದ್ದ 4.5 ಮೀಟರ್, ಶಕ್ತಿ ಸುಮಾರು 1 ಹೆಚ್.ಪಿ. ಪೆಟ್ರೋಲ್ ಅಂದರೆ ಜನ ಹೆದರುತ್ತಿದ್ದ ಕಾಲ ಅದು. ಅದಕ್ಕೆ ಡೈಮ್ಲರ್ ದೋಣಿಯ ಸುತ್ತ ತಂತಿ ಎಳೆದು, ಪಿಂಗಾಣಿ ಬಿಲ್ಲೆಗಳನ್ನು ಸಿಕ್ಕಿಸಿ, ಇದು ವಿದ್ಯುತ್ತಿನಿಂದ ಓಡುವುದು ಎಂದು ನಂಬಿಸಿದರಂತೆ! ಮುಂದೆ ಪಿಯಾನೊ ತಯಾರಿಸುತ್ತಿದ್ದ ವಿಲಿಯಂ ಸ್ಟೈನ್‌ವೇ ಎಂಬವರು 1888ರಲ್ಲಿ ಡೈಮ್ಲರರೊಂದಿಗೆ ಒಪ್ಪಂದ ಮಾಡಿಕೊಂಡು ಅಮೆರಿಕಕ್ಕೂ ಈ ಎಂಜಿನುಗಳನ್ನು ತಂದರು.

ಬಡ ಮೀನುಗಾರನ ಎಂಜಿನು

ಶ್ರೀಮಂತರ ವಿಹಾರದ ದೋಣಿಯಿಂದ ಮೀನುಗಾರನ ದೋಣಿಗೆ ಎಂಜಿನು ಇಳಿಯಬೇಕಾದರೆ ಅದು ಸರಳವಾಗಿರಬೇಕು, ಕಡಿಮೆ ಬೆಲೆಗೆ ಸಿಗಬೇಕು. ಈ ದಾರಿ ತೆರೆದವರಲ್ಲಿ ಇಬ್ಬರನ್ನು ನೆನೆಯಲೇಬೇಕು.

ಒಬ್ಬರು ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ. 1891ರಲ್ಲಿ ಅವರು ವಾಲ್ವುಗಳ ಗೋಜು ಕಡಿಮೆ ಮಾಡಿ ಎರಡು ಹೊಡೆತದ ಎಂಜಿನು ರೂಪಿಸಿದರು. ಅವರ ಕೆಲಸಗಾರ ಫ್ರೆಡರಿಕ್ ಕಾಕ್ ಅದನ್ನು ಇನ್ನೂ ಸರಳ ಮಾಡಿದರು. ಕೊನೆಗೆ ಚಲಿಸುವ ಭಾಗ ಉಳಿದದ್ದು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕು. ಕೆಟ್ಟುಹೋಗಲು ಹೆಚ್ಚೇನೂ ಇಲ್ಲ! ಈ ಜಾತಿಯ ಒಂಟಿ ಸಿಲಿಂಡರಿನ ಎಂಜಿನುಗಳು ಕೆನಡಾದ ನೋವಾ ಸ್ಕೋಷಿಯಾ, ನ್ಯೂಫೌಂಡ್‌ಲ್ಯಾಂಡ್ ತೀರಗಳಲ್ಲಿ ಮನೆಮಾತಾದವು. ಬ್ರಿಜ್‌ವಾಟರ್ ಊರಿನ ಅಕೇಡಿಯಾ, ಲುನೆನ್‌ಬರ್ಗ್ ಊರಿನ ಅಟ್ಲಾಂಟಿಕ್ ಅಂಥ ಹೆಸರುಗಳು. ಅವುಗಳಲ್ಲಿ ಈಗಿನಂಥ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಒಳಗೇ ಎರಡು ಲೋಹದ ತುದಿಗಳು ತಾಗಿ ಬಿಡುವಾಗ ಕಿಡಿ ಹಾರುತ್ತದೆ. ಕಡಿಮೆ ವೋಲ್ಟೇಜು ಆದ್ದರಿಂದ ಉಪ್ಪುನೀರಿನ ತೇವಕ್ಕೆ ಬೇಗ ಹೆದರುವುದಿಲ್ಲ. ಇವುಗಳಲ್ಲಿ ಹಲವಕ್ಕೆ ಗೇರೂ ಇರಲಿಲ್ಲ. ಹಿಂದಕ್ಕೆ ಹೋಗಬೇಕಾದರೆ ಕಿಡಿ ನಿಲ್ಲಿಸಿ, ಎಂಜಿನು ಇನ್ನೇನು ನಿಂತಿತು ಅನ್ನುವಾಗ ಮತ್ತೆ ಕಿಡಿ ಕೊಟ್ಟರೆ ಅದು ಉಲ್ಟಾ ತಿರುಗುತ್ತಿತ್ತು. ಲೆಕ್ಕ ತಪ್ಪಿದರೆ ದೋಣಿ ನೇರ ಧಕ್ಕೆಗೆ ಬಡಿಯಿತು ಅಂತಲೇ.

ಇನ್ನೊಬ್ಬರು ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್. 1890ರಲ್ಲಿ ಅವರು ಪೇಟೆಂಟ್ ಪಡೆದ ಬಿಸಿ ಬುರುಡೆಯ ಎಂಜಿನನ್ನು ಇಂಗ್ಲೆಂಡಿನ ಗ್ರಾಂಥಮ್ ಊರಿನ ಹಾರ್ನ್ಸ್‌ಬಿ ಕಂಪೆನಿ ತಯಾರಿಸಿತು. ಸಿಲಿಂಡರಿನ ತಲೆಯಲ್ಲಿ ಬುರುಡೆಯಂಥ ಕಬ್ಬಿಣದ ಉಂಡೆ. ಬ್ಲೋ ಲ್ಯಾಂಪು ಹಚ್ಚಿ ಅದನ್ನು ಚೆನ್ನಾಗಿ ಕಾಯಿಸಬೇಕು. ಆಮೇಲೆ ಫ್ಲೈವೀಲು ತಿರುಗಿಸಿದರೆ ಒಳಗೆ ಬಿದ್ದ ಎಣ್ಣೆ ಆ ಬಿಸಿಗೇ ಹತ್ತಿಕೊಳ್ಳುತ್ತದೆ. ಮುಂದೆ ಎಂಜಿನು ತನ್ನ ಬಿಸಿಯಲ್ಲಿ ತಾನೇ ಓಡುತ್ತದೆ. ಕಿಡಿಯೂ ಬೇಡ, ಬ್ಯಾಟರಿಯೂ ಬೇಡ, ಒರಟು ಎಣ್ಣೆಯೂ ನಡೆಯುತ್ತದೆ. ಸ್ವೀಡನ್ನಿನ ಬೊಲಿಂಡರ್ ಕಂಪೆನಿ ಮತ್ತು ನಾರ್ವೆ, ಡೆನ್ಮಾರ್ಕಿನ ಹಲವು ಕಾರ್ಖಾನೆಗಳು ಇದನ್ನು ದೋಣಿಗೆ ಒಗ್ಗಿಸಿದವು. ಸಮುದ್ರದ ಮೇಲೆ ಡುಕ್ ಡುಕ್ ಅನ್ನುವ ನಿಧಾನದ ಸದ್ದು ಕೇಳಿಯೇ ಬರುತ್ತಿರುವ ದೋಣಿ ಯಾರದು ಅಂತ ಹೆಂಗಸರು ದಡದಲ್ಲಿ ಗುರುತಿಸುತ್ತಿದ್ದರು ಎಂದು ಅಲ್ಲಿನವರು ಹೇಳ್ತಾರೆ. ಈ ಮಾತು ನಮ್ಮೂರಿಗೂ ಹೊಸತಲ್ಲ.

ದೋಣಿಯ ಹಿಂದೆ ನೇತುಹಾಕುವ ಔಟ್‌ಬೋರ್ಡ್ ಯಂತ್ರಕ್ಕೂ ಒಂದು ಕಥೆಯಿದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಓಲೆ ಎವಿನ್‌ರೂಡ್ ಬೇಸಿಗೆಯಲ್ಲಿ ಹುಟ್ಟು ಹಾಕಿ ಐಸ್‌ಕ್ರೀಮ್ ತರುವಷ್ಟರಲ್ಲಿ ಅದು ಕರಗಿತಂತೆ. ಆ ಬೇಸರದಲ್ಲೇ ಯಂತ್ರದ ಯೋಚನೆ ಹುಟ್ಟಿತು ಅನ್ನುತ್ತಾರೆ. 1909ರಲ್ಲಿ ಅವರು ಮಾರಾಟಕ್ಕಿಟ್ಟ ಯಂತ್ರದ ಶಕ್ತಿ ಒಂದೂವರೆ ಹೆಚ್.ಪಿ. ಇಂದು ನಮ್ಮ ನಾಡದೋಣಿಗಳ ಹಿಂದೆ ಸೀಮೆಎಣ್ಣೆ ಕುಡಿಯುತ್ತಾ ಓಡುವುದು ಆ ವಂಶದ್ದೇ.

ನಮ್ಮ ತೀರಕ್ಕೆ ಬಂದ ಬಗೆ

ನಮ್ಮ ಪಶ್ಚಿಮ ಕರಾವಳಿಯಲ್ಲಿ ದೊಡ್ಡ ಹೆಜ್ಜೆ ಅಂದರೆ ಇಂಡೋ ನಾರ್ವೇಜಿಯನ್ ಯೋಜನೆ. 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆ ಸೇರಿ ಒಪ್ಪಂದ ಮಾಡಿ, 1953ರಲ್ಲಿ ಕೊಲ್ಲಂ ಹತ್ತಿರದ ನೀಂಡಕರ, ಶಕ್ತಿಕುಳಂಗರ ಗ್ರಾಮಗಳಲ್ಲಿ ಕೆಲಸ ಶುರುವಾಯಿತು. ಮೊದಲು ಇದ್ದ ದೋಣಿಗಳಿಗೇ ಎಂಜಿನು ಕೂರಿಸಲು ನೋಡಿದರು. ಮರಳಿನ ಮೇಲೆ ಎಳೆದು ತರುವ ದೋಣಿಗೆ ಅದು ಹೊಂದಲಿಲ್ಲ. ಆಮೇಲೆ ಎಂಜಿನಿಗೆ ತಕ್ಕಂತೆ ಹೊಸ ದೋಣಿಯನ್ನೇ ರೂಪಿಸಿದರು. ನಮ್ಮ ಜಿಲ್ಲೆಗಳಲ್ಲೂ 1960ರ ದಶಕದಲ್ಲಿ ಡೀಸೆಲ್ ಬೋಟುಗಳು ಹೆಚ್ಚಿದವು. 1970ರ ದಶಕದ ನಡುವಿನಿಂದ ಪರ್ಸಿನ್ ಬೋಟುಗಳು ಬಂದು, ನೂರಾರು ಜನ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು. ಎಂಜಿನು ಅನ್ನವನ್ನೂ ಕೊಟ್ಟಿತು, ಜಗಳವನ್ನೂ ತಂದಿತು. ಎರಡನ್ನೂ ಬರೆದಿಡಬೇಕು.

ಹುಡುಕುವವರು, ಕಾಪಾಡುವವರು

ಹೊರದೇಶಗಳಲ್ಲಿ ಹಳೇ ಬೋಟ್ ಎಂಜಿನುಗಳನ್ನು ಹುಡುಕಿ, ತೊಳೆದು, ಮತ್ತೆ ಓಡಿಸುವ ಹವ್ಯಾಸಿಗಳು ಬಹಳ ಜನ ಇದ್ದಾರೆ. ಅಮೆರಿಕದ ಮಿಸ್ಟಿಕ್ ಸೀಪೋರ್ಟ್ ವಸ್ತು ಸಂಗ್ರಹಾಲಯದಲ್ಲಿ ಇಂಥ ಎಂಜಿನುಗಳ ದೊಡ್ಡ ಸಂಗ್ರಹವೇ ಇದೆ. ಅವರ ಕೆಲಸದ ಕ್ರಮ ನಮಗೂ ಪಾಠ.

ಮೊದಲನೆಯದು, ಫಲಕ ಮತ್ತು ನಂಬರು. ಫಲಕ ಹೋಗಿದ್ದರೂ ಎರಕದ ಮೇಲೆ ಉಬ್ಬಿದ ಅಕ್ಷರ, ಫ್ಲೈವೀಲಿನ ಅಂಚಿನಲ್ಲಿ ಅಥವಾ ಕ್ರ್ಯಾಂಕಿನ ತುದಿಯಲ್ಲಿ ಹೊಡೆದ ಅಂಕೆ ಸಿಗುವುದುಂಟು. ಎಷ್ಟೋ ಕಂಪೆನಿಗಳು ಮುಚ್ಚಿ ಅವುಗಳ ದಾಖಲೆ ಪುಸ್ತಕಗಳೂ ನಾಶವಾಗಿವೆ. ಹಾಗಾಗಿ ಹಳೇ ಕೆಟಲಾಗು, ಜಾಹೀರಾತು, ರಶೀದಿಗಳೇ ಆಧಾರ.

ಎರಡನೆಯದು, ಅವಸರ ಕೂಡದು. ಜಾಮ್ ಆದ ಪಿಸ್ಟನ್ನಿಗೆ ಸುತ್ತಿಗೆ ಹಾಕಿದರೆ ಎರಕದ ಕಬ್ಬಿಣ ಬಿರಿಯುತ್ತದೆ. ವಾರಗಟ್ಟಲೆ ಎಣ್ಣೆ ಉಣಿಸಿ ಕಾಯಬೇಕು. ಉಪ್ಪುನೀರಿನಲ್ಲಿ ಬಹುಕಾಲ ಮುಳುಗಿದ್ದರೆ ಇನ್ನೂ ಎಚ್ಚರ ಬೇಕು. ಕಬ್ಬಿಣವೆಲ್ಲ ಕರಗಿ ಪೆನ್ಸಿಲ್ ಕಡ್ಡಿಯ ಕಪ್ಪಿನಂಥದ್ದೇ ಉಳಿದಿರುತ್ತದೆ. ಆಕಾರ ಹಾಗೇ ಇರುತ್ತದೆ, ಚಾಕುವಿನಿಂದ ಕೆರೆದರೆ ಉದುರುತ್ತದೆ. ಇಂಥದ್ದನ್ನು ಮೇಲೆತ್ತಿ ಬಿಸಿಲಿಗೆ ಒಣಗಿಸಿದರೆ ಒಡೆದೇ ಹೋದೀತು. ಹಳೇ ಪ್ಯಾಕಿಂಗುಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ, ಕೆರೆಯಬಾರದು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಓಡಿಸಿದವರ ಮಾತು. ಎಷ್ಟು ಎಣ್ಣೆ ಕುಡಿಯುತ್ತಿತ್ತು, ಗಾಳಿ ಮಳೆಯಲ್ಲಿ ಹೇಗೆ ಕೈಕೊಟ್ಟಿತು, ಅಳಿವೆ ಬಾಯಲ್ಲಿ ನಿಂತಾಗ ಯಾರು ಹಗ್ಗ ಎಸೆದರು ಎಂಬುದು ಯಾವ ಕೆಟಲಾಗಿನಲ್ಲೂ ಇಲ್ಲ.

ಸದಸ್ಯ ಬಾಂಧವರಲ್ಲಿ ವಿನಂತಿ

ನಮ್ಮ ಎಂಜಿನಿನ ತುಕ್ಕನ್ನು ಮೆಲ್ಲಗೆ ಒರೆಸಿದಾಗ ಫ್ಲೈವೀಲಿನ ಅಂಚಿನಲ್ಲಿ ನಾಲ್ಕು ಅಂಕೆ ಕಂಡವು. ಅಷ್ಟಕ್ಕೇ ನಮ್ಮ ಹಿರಿಯರ ಕಣ್ಣಲ್ಲಿ ನೀರು ಬಂತು. ಅವರ ಆ ಬೋಟಿನ ಜೊತೆಗಾರರಲ್ಲಿ ಈಗ ಉಳಿದವರು ಅವರೊಬ್ಬರೇ.

ಗುಜರಿಯ ದುಡ್ಡು ಸಂಘಕ್ಕೆ ಬೇಡವೇ ಅಂತ ಕೆಲವರು ಕೇಳಿದ್ದಾರೆ. ಕೇಳಿದ್ದು ತಪ್ಪಲ್ಲ, ಸಂಘದ ಪ್ರತಿ ಪೈಸೆಯೂ ಸದಸ್ಯರದು. ಆದರೆ ಹತ್ತು ಜನ ಪಾಲು ಹಾಕಿ ಬೋಟು ಕೊಳ್ಳುವ ಧೈರ್ಯ ನಮ್ಮ ಹಿಂದಿನವರಿಗೆ ಬಂದದ್ದು ಇಂಥ ಯಂತ್ರದ ಎದುರು ನಿಂತಾಗಲೇ. ಸಂಘದ ಬೇರೂ ಅಲ್ಲೇ ಇದೆ. ಬರುವ ಮಹಾಸಭೆಯಲ್ಲಿ ವಿಷಯ ಮಂಡನೆಯಾಗಲಿದೆ. ಗೋದಾಮಿನ ಒಂದು ಮೂಲೆ, ಒಂದು ಸಿಮೆಂಟು ಕಟ್ಟೆ, ಮೇಲೊಂದು ಮಾಡು. ನಾವು ಕೇಳುವುದು ಇಷ್ಟೇ.

ನಿಮ್ಮ ಅಟ್ಟದಲ್ಲಿ ಹಳೇ ಪುಸ್ತಕ, ರಶೀದಿ, ಫೋಟೋ ಇದ್ದರೆ ತನ್ನಿ. ನಕಲು ಮಾಡಿ ಹಿಂದೆ ಕೊಡುತ್ತೇವೆ. ಹಿತ್ತಾಳೆಯ ಆ ಫಲಕ ಯಾರ ಮನೆಯಲ್ಲಾದರೂ ಇದ್ದರೆ ಅದನ್ನೂ ತನ್ನಿ. ಯಾರು ಕಿತ್ತದ್ದು ಅಂತ ನಾವು ಕೇಳುವುದಿಲ್ಲ.