ಯಳಂದೂರು ಜಹಗೀರಿನ ಪೂರ್ವೋತ್ತರ

ಅಂತರಸಂತೆ, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ಹಳೆಯ ಮನೆತನಗಳ ಮಾತು ಬಂದಾಗ ಒಂದು ಪ್ರಶ್ನೆಯು ಏಳುವುದುಂಟು. ಕುಂಪಣಿಯ ಆಳಿಕೆಯ ಆರಂಭದಲ್ಲಿ ಅಮಲ್ದಾರಿಕೆಯನ್ನೋ ಶ್ಯಾನುಭೋಗಿಕೆಯನ್ನೋ ನಡೆಸಿದ ಹಿರಿಯರು ಗಳಿಸಿದ ದ್ರವ್ಯವೆಲ್ಲ ಏನಾಯಿತು? ಉತ್ತರವಾಗಿ ಹಿತ್ತಲಿನಲ್ಲಿ ಹೂತಿಟ್ಟ ಕೊಪ್ಪರಿಗೆಯ ಕಥೆಯೋ, ಸರ್ಪವು ಕಾಯುತ್ತಿರುವ ನಿಕ್ಷೇಪದ ಕಥೆಯೋ ಹೊರಡುತ್ತದೆ. ಇಂತಹ ಕಥೆಗಳನ್ನು ನಂಬಿ ನೆಲವನ್ನು ಅಗೆದವರಿಗೆ ದೊರೆತುದು ಬಹುತರವಾಗಿ ಮಣ್ಣೇ. ಸಣ್ಣ ಮನೆತನಗಳ ಕಡತಗಳು ಗೆದ್ದಲಿನ ಪಾಲಾಗಿರುವುದರಿಂದ, ಆ ಕಾಲದ ಅಧಿಕಾರಿವರ್ಗಕ್ಕೆಲ್ಲ ಮುಕುಟಪ್ರಾಯರಾಗಿದ್ದ ದಿವಾನ್ ಪೂರ್ಣಯ್ಯನವರ ಐಶ್ವರ್ಯದ ಗತಿಯನ್ನು ಪರಿಶೀಲಿಸಿದರೆ ಮಿಕ್ಕವರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

ಪೂರ್ಣಯ್ಯನವರು 1746ರಲ್ಲಿ ಬಡ ಮಾಧ್ವ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಲೆಕ್ಕದ ಶುದ್ಧಿಯೊಂದರಿಂದಲೇ ಹೈದರಾಲಿಯ ಕಣ್ಣಿಗೆ ಬಿದ್ದರು. ಕಾಲಕ್ರಮದಲ್ಲಿ ಬೊಕ್ಕಸವೇ ಅವರ ಕೈಗೆ ಬಂದಿತು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ದಂಡಿನಲ್ಲಿ ಹೈದರನು ತೀರಿಕೊಂಡಾಗ, ಟಿಪ್ಪುವು ಮಲಬಾರಿನಿಂದ ಬಂದು ಸೇರುವವರೆಗೆ ಆ ಸುದ್ದಿಯನ್ನು ಅಡಗಿಸಿಟ್ಟವರಲ್ಲಿ ಇವರು ಪ್ರಮುಖರು. ಹೈದರನ ದೇಹವನ್ನು ಸುಗಂಧದ್ರವ್ಯಗಳೊಡನೆ ದೊಡ್ಡ ಪೆಟ್ಟಿಗೆಯೊಂದರಲ್ಲಿರಿಸಿ, ಖಜಾನೆಯ ಹಣವನ್ನು ಸಾಗಿಸುವಂತೆ ಪಹರೆಯೊಡನೆ ಕೋಲಾರಕ್ಕೆ ಕಳುಹಿಸಲಾಯಿತು. ದ್ರವ್ಯವೆಂದು ತಿಳಿದು ಕಾವಲುಗಾರರು ಕಾದುದು ಒಂದು ಶವವನ್ನು!

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಆ ಬೊಕ್ಕಸದ ಕಥೆಯು ಬೇಗ ಮುಗಿಯುವಂತಹುದು. ವಿಜೇತರ ಸೈನ್ಯವು ಲೂಟಿಯ ಹಣವನ್ನು ಪದವಿಗೆ ತಕ್ಕಂತೆ ಹಂಚಿಕೊಂಡಿತು. ಟಿಪ್ಪುವಿನ ಸಿಂಹಾಸನವು ತುಂಡುತುಂಡಾಯಿತು. ಅದರ ಹುಲಿಯ ತಲೆಯೂ ರತ್ನಖಚಿತವಾದ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ವಶವಾದುವು. ಎರಡು ತಲೆಮಾರುಗಳು ಕೂಡಿಸಿದುದು ಕೆಲವೇ ತಿಂಗಳುಗಳಲ್ಲಿ ಚೆದುರಿತು.

ಅದೇ ವರ್ಷದ ಜೂನ್ 30ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರವರಿಗೆ ಪಟ್ಟವಾದಾಗ ಪೂರ್ಣಯ್ಯನವರೇ ದಿವಾನರಾದರು. ಕುಂಪಣಿಗೆ ಪ್ರತಿವರ್ಷವೂ 7 ಲಕ್ಷ ವರಹಗಳ ಪೊಗದಿಯನ್ನು ಸಲ್ಲಿಸಬೇಕಾಗಿದ್ದಿತು. ಅದನ್ನು ತಪ್ಪದೆ ಸಲ್ಲಿಸಿ, ಕೆರೆಕಟ್ಟೆಗಳನ್ನು ದುರಸ್ತಿಗೊಳಿಸಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ 1804ರಲ್ಲಿ ಕಲ್ಲುಕಂಬಗಳ ಸೇತುವೆಯನ್ನು ಕಟ್ಟಿಸಿ, ಮೇಲೆ ಎರಡು ಕೋಟಿ ರೂಪಾಯಿಗಳಿಗೂ ಮಿಗಿಲಾದ ನಿಧಿಯನ್ನು ಅವರು ಬೊಕ್ಕಸದಲ್ಲಿ ಉಳಿಸಿದರು. ಈ ಹಣವು ಆಕಾಶದಿಂದ ಸುರಿದುದಲ್ಲ. ಕಂದಾಯದ ವಸೂಲಿಯಲ್ಲಿ ಅವರಿಗೆ ದಾಕ್ಷಿಣ್ಯವಿರಲಿಲ್ಲವೆಂಬುದನ್ನು ಮರೆಯಬಾರದು. ಅವರ ಎಣಿಕೆಗಳೆಲ್ಲವೂ ಫಲಿಸಿದುವೆಂದೂ ಅಲ್ಲ. ಕಾವೇರಿಯ ನೀರನ್ನು ಮೈಸೂರು ನಗರಕ್ಕೆ ತರಲು ಅವರು ತೋಡಿಸಿದ ಕಾಲುವೆಯು ನಿಷ್ಫಲವಾಯಿತು. ಅದರ ಉಳಿದ ಭಾಗವು ಪೂರ್ಣಯ್ಯ ನಾಲೆಯೆಂಬ ಹೆಸರಿನಿಂದ ಮುಂದೆ ಕುಕ್ಕರಹಳ್ಳಿ ಕೆರೆಗೆ ಮಳೆಯ ನೀರನ್ನು ಸಾಗಿಸುವುದಕ್ಕೆ ಒದಗಿತು.

ಬೊಕ್ಕಸದ ಎರಡು ಕೋಟಿಯು 1811ರಲ್ಲಿ ಪೂರ್ಣಯ್ಯನವರು ಅಧಿಕಾರವನ್ನು ಬಿಟ್ಟ ಕೆಲವೇ ವರ್ಷಗಳಲ್ಲಿ ಕರಗಿಹೋಯಿತೆಂದು ಇಂಗ್ಲಿಷರು ಬರೆದಿಟ್ಟಿದ್ದಾರೆ. ತರುಣ ಮಹಾರಾಜರ ಕೊಡುಗೈಯನ್ನೇ ಅದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಹೀಗೆ ದೂರಿದವರೇ 1831ರಲ್ಲಿ ರಾಜ್ಯವನ್ನು ಕೈಗೆ ತೆಗೆದುಕೊಂಡವರೆಂಬುದನ್ನೂ, ಪೊಗದಿಯ ಭಾರವು ವರ್ಷವರ್ಷವೂ ಹಾಗೆಯೇ ಇದ್ದಿತೆಂಬುದನ್ನೂ ವಾಚಕರು ತೂಗಿ ನೋಡಬೇಕು. ದೇವಾಲಯಗಳಿಗೂ ಕವಿಪಂಡಿತರಿಗೂ ಸಂದುದನ್ನು ದುಂದುವೆಚ್ಚದ ಪಟ್ಟಿಗೆ ಸೇರಿಸುವುದು ಕನ್ನಡಿಗರಿಗೆ ಒಪ್ಪುವ ಲೆಕ್ಕವಲ್ಲ.

ಇನ್ನು ಪೂರ್ಣಯ್ಯನವರ ಸ್ವಂತ ಸಂಪತ್ತಿನ ಮಾತು. 1807ರ ಡಿಸೆಂಬರ್ 27ರಂದು ಅವರಿಗೆ ಯಳಂದೂರು ಸೀಮೆಯು ವಂಶಪಾರಂಪರ್ಯದ ಜಹಗೀರಾಗಿ ದತ್ತವಾಯಿತು. ಕೊಟ್ಟ ಮಹಾರಾಜರಿಗೆ ಆಗ 13 ವರ್ಷ. ರಾಜ್ಯದ ಮುದ್ರೆಯು ಪಡೆದವರ ಕೈಯಲ್ಲಿಯೇ ಇದ್ದಿತು. ಹಿಂದೆ ಟಿಪ್ಪುವು ಇನಾಮು ಜಹಗೀರುಗಳನ್ನು ಸರ್ಕಾರಕ್ಕೆ ಸೇರಿಸಿಕೊಂಡಾಗ ಅವನ ಸೇವೆಯಲ್ಲಿದ್ದವರೇ ಇಂದು ಜಹಗೀರುದಾರರಾದುದು ಕಾಲವೈಚಿತ್ರ್ಯ. ಸುಮಾರು 100 ಚದರ ಮೈಲಿಗಳ ಈ ಪ್ರದೇಶವು ಹಿಂದೆ ಪದಿನಾಡಿನ ಪಾಳೆಯಗಾರರ ನೆಲೆಯಾಗಿದ್ದಿತು. ಪೂರ್ವದಲ್ಲಿ ಬಿಳಿಗಿರಿರಂಗನ ಬೆಟ್ಟ, ನಡುವೆ ಸುವರ್ಣಾವತಿ. ಜನರು ಈ ನದಿಯನ್ನು ಹೊನ್ನುಹೊಳೆಯೆನ್ನುತ್ತಾರೆ. ಆ ಹೊಳೆಯ ಹೊನ್ನೆಂದರೆ ಭತ್ತವೂ ಅಡಕೆ ತೆಂಗುಗಳೂ. ನೆಲವನ್ನು ಉಳುತ್ತಿದ್ದವರು ಮೊದಲಿನ ರೈತರೇ. ಸರ್ಕಾರಕ್ಕೆ ಸಲ್ಲಬೇಕಾಗಿದ್ದ ಕಂದಾಯವು ಜಹಗೀರುದಾರರಿಗೆ ಸಂದಿತು, ಅಷ್ಟೆ.

1812ರ ಮಾರ್ಚಿಯಲ್ಲಿ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ದಿವಂಗತರಾದರು. ಥಾಮಸ್ ಹಿಕಿ ಎಂಬ ಚಿತ್ರಗಾರನು ಬರೆದ ಅವರ ಭಾವಚಿತ್ರವು ಸಮುದ್ರಗಳನ್ನು ದಾಟಿ ಈಗ ಅಮೆರಿಕದ ಯೇಲ್ ವಿದ್ಯಾಲಯದ ಕಲಾಶಾಲೆಯಲ್ಲಿದೆ. ಜಹಗೀರು ಮಾತ್ರ ಕದಲಲಿಲ್ಲ. 1831ರಲ್ಲಿ ಮಹಾರಾಜರ ಅಧಿಕಾರವು ಹೋದರೂ, ಕಮಿಷನರುಗಳ 50 ವರ್ಷಗಳ ಆಡಳಿತವು ಕಳೆದು 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಹಿಂದಿರುಗಿದರೂ, ಯಳಂದೂರು ಆ ವಂಶದವರಲ್ಲಿಯೇ ಇದ್ದಿತು. ಆ ನೆಮ್ಮದಿಯಲ್ಲಿ ವಿದ್ಯೆಯೂ ಬೆಳೆಯಿತು. ಪೂರ್ಣಯ್ಯನವರ ವಂಶಜರಾದ ಸರ್ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ತಲುಪಿದುದು ಇವರ ಅವಧಿಯಲ್ಲಿಯೇ. ಲಕ್ಷ್ಮಿಯು ಚಂಚಲೆಯೆಂಬ ಮಾತು ನಾಣ್ಯಕ್ಕೆ ಸಲ್ಲುವಷ್ಟು ಸನ್ನದಿಗೆ ಸಲ್ಲಲಿಲ್ಲ.

ಸನ್ನದಿಗೂ ಕಾಲವು ಬಂದಿತು. ಸ್ವಾತಂತ್ರ್ಯಾನಂತರ 1954ರಲ್ಲಿ ಮೈಸೂರು ಸರ್ಕಾರವು ವೈಯಕ್ತಿಕ ಇನಾಮುಗಳನ್ನು ರದ್ದುಗೊಳಿಸುವ ಅಧಿನಿಯಮವನ್ನು ಮಾಡಿತು. ಒಂದೂವರೆ ಶತಮಾನದ ಜಹಗೀರಿನ ಕಾಲವು ಆ ದಶಕದೊಡನೆ ಮುಗಿಯಿತು. 1974ರಿಂದ ಜಾರಿಗೆ ಬಂದ ಭೂಸುಧಾರಣೆಯು ಗೇಣಿಯ ನೆಲವನ್ನು ಉಳುವವರಿಗೇ ಒಪ್ಪಿಸಿತು. ಪೂರ್ಣಯ್ಯನವರ ಐಶ್ವರ್ಯವನ್ನು ಯಾರು ಕದ್ದರೆಂದು ಹುಡುಕಬೇಕಾದುದಿಲ್ಲ. ಯಾರಿಂದ ಬರುತ್ತಿದ್ದಿತೋ ಅವರ ಬಳಿಯಲ್ಲಿಯೇ ಅದು ನಿಂತಿತು. ಯಳಂದೂರಿನ ಜಹಗೀರುದಾರರ ಬಂಗಲೆಯು ಈಗ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯವಾಗಿದೆ.

ಕೋಟೆ ಹುಣಸೂರುಗಳ ಶ್ಯಾನುಭೋಗ ಪಟೇಲರ ಮನೆತನಗಳಿಗೂ ಸಣ್ಣ ಪ್ರಮಾಣದಲ್ಲಿ ಇದೇ ಗತಿಯಾಯಿತು. ಅವರ ಹಿರಿಯರ ಗಳಿಕೆಯೆಂದರೆ ಬಹುಮಟ್ಟಿಗೆ ಉಂಬಳಿಯ ಗದ್ದೆಯೂ ಲೆಕ್ಕದ ಪೊತ್ತಗೆಯೂ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಅಧಿನಿಯಮವು ತೆಗೆದುಹಾಕಿತು. ಅಟ್ಟದ ಮೇಲೆ ಎಲ್ಲಿಯಾದರೂ ಒಂದು ಹಳೆಯ ಕಡತವೋ ಸನ್ನದೋ ಉಳಿದಿದ್ದರೆ, ಮನೆಯವರು ಅದನ್ನು ಬಿಸಿಲಿಗೆ ಹಾಕಿ, ಬೇವಿನ ಎಲೆಯನ್ನಿಟ್ಟು, ಓದಬಲ್ಲವರಿಂದ ಒಮ್ಮೆ ಓದಿಸಿ ನಕಲು ಮಾಡಿಸಿಡುವುದು ಒಳ್ಳೆಯದು. ಕೊಪ್ಪರಿಗೆಯ ಕಥೆಯು ಹೇಳದ ಸರ್ವೆ ನಂಬರೂ ಕಂದಾಯದ ಮೊತ್ತವೂ ಅದರಲ್ಲಿ ದೊರೆಯಬಹುದು.